ವೈದ್ಯರು ಬರೆದುಕೊಡುವ ಟೆಸ್ಟೊಸ್ಟೆರಾನ್: ಸುರಕ್ಷಿತ ಬಳಕೆ ಮತ್ತು ಅಡ್ಡಪರಿಣಾಮಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪುರುಷ ಹಾರ್ಮೋನ್ ಆದ ಟೆಸ್ಟೊಸ್ಟೆರಾನ್ ಅನ್ನು ಔಷಧವಾಗಿ ಈಗಾಗಲೇ ಬಳಸುತ್ತಿರುವವರು, ಶುರು ಮಾಡಲೋ ಬೇಡವೋ ಎಂದು ಯೋಚಿಸುತ್ತಿರುವವರು ಮತ್ತು ಅವರ ಮನೆಯವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇವೆ. ಬೇರೆಯಾಗಿ ಹೇಳದ ಕಡೆಯೆಲ್ಲ ಮಾತು ವಯಸ್ಕ ಪುರುಷರ ಕುರಿತದ್ದು. ಇಲ್ಲಿನ ಪ್ರಮಾಣಗಳು ಸಾಮಾನ್ಯ ಬಳಕೆಯವು. ನಿಮ್ಮ ಚೀಟಿಯಲ್ಲಿ ಬೇರೆ ಬರೆದಿದ್ದರೆ ಚೀಟಿಯನ್ನೇ ಅನುಸರಿಸಿ, ಅನುಮಾನವಿದ್ದರೆ ಬರೆದವರನ್ನೇ ಕೇಳಿ.

ಈ ಔಷಧ ನಿಜವಾಗಿ ಯಾರಿಗೆ ಬೇಕು?

ವೃಷಣಗಳೋ, ಅವುಗಳಿಗೆ ಆದೇಶ ಕೊಡುವ ಪಿಟ್ಯುಟರಿ ಗ್ರಂಥಿಯೋ ಕೆಟ್ಟು, ದೇಹಕ್ಕೆ ಬೇಕಾದಷ್ಟು ಟೆಸ್ಟೊಸ್ಟೆರಾನ್ ತಯಾರಾಗದವರಿಗೆ. ಲಕ್ಷಣ ಮತ್ತು ರಕ್ತಪರೀಕ್ಷೆ ಎರಡೂ ಹೊಂದಬೇಕು. ಲೈಂಗಿಕ ಆಸಕ್ತಿ ಕುಗ್ಗುವುದು, ಬೆಳಗಿನ ನಿಮಿರುವಿಕೆ ನಿಂತುಹೋಗುವುದು, ಗಡ್ಡ ಮತ್ತು ಮೈಕೂದಲು ಕಡಿಮೆಯಾಗುವುದು, ವೃಷಣ ಚಿಕ್ಕದಾಗುವುದು, ಸಣ್ಣ ಪೆಟ್ಟಿಗೇ ಮೂಳೆ ಮುರಿಯುವುದು, ಇವು ತೂಕವಿರುವ ಲಕ್ಷಣಗಳು. ಬರೀ ಆಯಾಸ, ಬೇಸರ, ಹೊಟ್ಟೆ ಬಂದಿರುವುದು ಇವಕ್ಕೆ ನೂರು ಕಾರಣಗಳಿರುತ್ತವೆ. ನಿದ್ದೆಗೇಡು, ಥೈರಾಯ್ಡ್, ಖಿನ್ನತೆ, ರಕ್ತಹೀನತೆಗಳನ್ನು ನೋಡದೆ ನೇರವಾಗಿ ಟೆಸ್ಟೊಸ್ಟೆರಾನ್ ಚುಚ್ಚಿದರೆ ಕಾಯಿಲೆ ಅಲ್ಲೇ ಉಳಿಯುತ್ತದೆ, ಅಡ್ಡಪರಿಣಾಮ ಮಾತ್ರ ಹೊಸದಾಗಿ ಸೇರುತ್ತದೆ.

ಒಂದು ಪರೀಕ್ಷೆಯಲ್ಲಿ ಕಡಿಮೆ ಬಂದಿದೆ. ಅಷ್ಟು ಸಾಕಲ್ಲವೇ?

ಸಾಲದು. ಟೆಸ್ಟೊಸ್ಟೆರಾನ್ ಬೆಳಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ, ಊಟವಾದ ಮೇಲೂ ಇಳಿಯುತ್ತದೆ. ಹಾಗಾಗಿ ಬೆಳಗ್ಗೆ 10 ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ರಕ್ತ ಕೊಡಬೇಕು. ಮಧ್ಯಾಹ್ನ ಊಟ ಮಾಡಿ ಕೊಟ್ಟ ರಕ್ತದ ವರದಿ ಹಿಡಿದು ಜೀವನಪೂರ್ತಿ ಚಿಕಿತ್ಸೆ ಶುರು ಮಾಡುವುದು ಸರಿಯಲ್ಲ. ಜ್ವರ, ಶಸ್ತ್ರಚಿಕಿತ್ಸೆ, ಆಸ್ಪತ್ರೆ ವಾಸದ ಹೊತ್ತಿನಲ್ಲಿ ಮಟ್ಟ ತಾನಾಗಿಯೇ ಕುಸಿದಿರುತ್ತದೆ. ಆಗ ಪರೀಕ್ಷೆ ಮಾಡಿಸಬೇಡಿ.

ಅಮೆರಿಕದ ಯುರಾಲಜಿ ಸಂಘ ಡೆಸಿಲೀಟರಿಗೆ 300 ನ್ಯಾನೊಗ್ರಾಂಗಿಂತ ಕಡಿಮೆಯನ್ನು ಕೊರತೆ ಎನ್ನುತ್ತದೆ. ಹಾರ್ಮೋನ್ ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿ ಆರೋಗ್ಯವಂತ ಯುವಕರ ಕೆಳಮಿತಿಯಾಗಿ 264 ಅನ್ನು ಇಟ್ಟುಕೊಂಡಿದೆ. ಕೆಲವು ಲ್ಯಾಬುಗಳು ನ್ಯಾನೊಮೋಲ್ ಲೆಕ್ಕದಲ್ಲಿ ಕೊಡುತ್ತವೆ. ಆ ಸಂಖ್ಯೆಯನ್ನು 28.8ರಿಂದ ಗುಣಿಸಿದರೆ ನ್ಯಾನೊಗ್ರಾಂ ಸಿಗುತ್ತದೆ. ಗಡಿಯ ಆಸುಪಾಸಿನಲ್ಲಿದ್ದರೆ, ಅದರಲ್ಲೂ ತೂಕ ಹೆಚ್ಚಿದ್ದರೆ, ಎಸ್‌ಎಚ್‌ಬಿಜಿ ಮತ್ತು ಫ್ರೀ ಟೆಸ್ಟೊಸ್ಟೆರಾನ್ ನೋಡಲೇಬೇಕು. ಬೊಜ್ಜಿನಲ್ಲಿ ಎಸ್‌ಎಚ್‌ಬಿಜಿ ಎಂಬ ಸಾಗಣೆ ಪ್ರೋಟೀನ್ ಇಳಿಯುವುದರಿಂದ ಒಟ್ಟು ಸಂಖ್ಯೆ ಕಡಿಮೆ ಕಂಡರೂ ಕೆಲಸಕ್ಕೆ ಬರುವ ಭಾಗ ಸರಿಯಾಗಿಯೇ ಇರಬಹುದು. ಕೂದಲು, ಉಗುರಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ನುಂಗುತ್ತಿದ್ದರೆ ಲ್ಯಾಬಿಗೆ ಮೊದಲೇ ತಿಳಿಸಿ, ಅದು ಕೆಲವು ಯಂತ್ರಗಳಲ್ಲಿ ಫಲಿತಾಂಶವನ್ನೇ ತಪ್ಪಿಸುತ್ತದೆ.

ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ ಎಲ್ಲ ಯಾಕೆ ಬರೆಯುತ್ತಾರೆ?

ಕೊರತೆ ಎಲ್ಲಿಂದ ಹುಟ್ಟಿದೆ ಎಂದು ತಿಳಿಯಲು. ಮೂರೂ ಪಿಟ್ಯುಟರಿ ಬಿಡುವ ಹಾರ್ಮೋನುಗಳು, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ವೃಷಣಕ್ಕೆ ಆದೇಶ ಒಯ್ಯುತ್ತವೆ. ಎಲ್‌ಎಚ್ ಹೆಚ್ಚಿದ್ದು ಟೆಸ್ಟೊಸ್ಟೆರಾನ್ ಕಡಿಮೆಯಿದ್ದರೆ ತೊಂದರೆ ವೃಷಣದಲ್ಲಿದೆ. ಎರಡೂ ಕಡಿಮೆಯಿದ್ದರೆ ಆದೇಶವೇ ಬರುತ್ತಿಲ್ಲ. ಪಿಟ್ಯುಟರಿ ಗಡ್ಡೆ, ದೇಹದಲ್ಲಿ ಕಬ್ಬಿಣದ ಶೇಖರಣೆ, ದೀರ್ಘಕಾಲದ ಒಪಿಯಾಯ್ಡ್ ನೋವುನಿವಾರಕ ಅಥವಾ ಸ್ಟೀರಾಯ್ಡ್ ಮಾತ್ರೆ ಕಾರಣವಿರಬಹುದು. ಚಿಕಿತ್ಸೆ ಶುರುವಾದ ಮೇಲೆ ಎಲ್‌ಎಚ್ ಹೇಗೂ ಶೂನ್ಯದತ್ತ ಇಳಿಯುವುದರಿಂದ ಈ ಪರೀಕ್ಷೆಗೆ ಆಮೇಲೆ ಅರ್ಥವಿಲ್ಲ. ಮೊದಲ ಡೋಸಿಗೆ ಮುಂಚೆಯೇ ಮಾಡಿಸಿ.

ಯಾರು ಇದನ್ನು ತೆಗೆದುಕೊಳ್ಳಬಾರದು?

ಪ್ರಾಸ್ಟೇಟ್ ಅಥವಾ ಸ್ತನದ ಕ್ಯಾನ್ಸರ್ ಇರುವವರು. ರಕ್ತದಲ್ಲಿ ಕೆಂಪು ಕಣಗಳ ಪಾಲು, ಅಂದರೆ ಹಿಮಟೊಕ್ರಿಟ್, ಈಗಾಗಲೇ ಹೆಚ್ಚಿರುವವರು. ಹತೋಟಿಗೆ ಬಾರದ ಹೃದಯ ವೈಫಲ್ಯ ಇರುವವರು, ಕಳೆದ ಆರು ತಿಂಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಇರುವವರು. ಚಿಕಿತ್ಸೆ ಪಡೆಯದ ತೀವ್ರ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ) ಇರುವವರು. ಪ್ರಾಸ್ಟೇಟ್ ಊದಿ ಮೂತ್ರಕ್ಕೆ ತೀರಾ ಕಷ್ಟಪಡುತ್ತಿರುವವರು. ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರು. ಪ್ರಾಸ್ಟೇಟ್ ಕ್ಯಾನ್ಸರ್ ಗುಣವಾಗಿ ವರ್ಷಗಳಾಗಿದ್ದರೆ ಕೆಲವು ತಜ್ಞರು ಎಚ್ಚರಿಕೆಯಿಂದ ಕೊಡುವುದುಂಟು, ಆದರೆ ಅದು ಯುರಾಲಜಿಸ್ಟ್ ಜೊತೆ ಕೂತು ತೀರ್ಮಾನಿಸಬೇಕಾದ ವಿಷಯ. ಇನ್ನೊಂದು ಗುಂಪು ಉಳಿಯಿತು, ಹೆಚ್ಚಿನವರು ಮರೆಯುವುದೂ ಇದನ್ನೇ: ಸದ್ಯದಲ್ಲೇ ಮಗು ಬೇಕೆನ್ನುವವರು.

ಮಗು ಬೇಕೆಂದರೆ ಟೆಸ್ಟೊಸ್ಟೆರಾನ್ ಯಾಕೆ ಬೇಡ? ಅದು ಗಂಡಸುತನದ ಹಾರ್ಮೋನ್ ಅಲ್ಲವೇ?

ಹೊರಗಿನಿಂದ ಟೆಸ್ಟೊಸ್ಟೆರಾನ್ ಬಂದ ಕೂಡಲೇ ಮಿದುಳಿಗೆ ‘ಸಾಕಷ್ಟಿದೆ’ ಎಂದು ಅನ್ನಿಸುತ್ತದೆ. ಪಿಟ್ಯುಟರಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಬಿಡುಗಡೆಯನ್ನು ನಿಲ್ಲಿಸುತ್ತದೆ. ವೀರ್ಯಾಣು ಬೆಳೆಯಲು ವೃಷಣದ ಒಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೊಸ್ಟೆರಾನ್ ಇರಬೇಕು, ಅದು ಅಲ್ಲೇ ತಯಾರಾಗಬೇಕು. ಆದೇಶ ನಿಂತಾಗ ಒಳಗಿನ ಮಟ್ಟ ಕುಸಿಯುತ್ತದೆ, ಕೆಲವೇ ತಿಂಗಳಲ್ಲಿ ವೀರ್ಯಾಣುಗಳ ಸಂಖ್ಯೆ ಸೊನ್ನೆಗೂ ಇಳಿಯಬಹುದು. ವೃಷಣ ಮೆತ್ತಗಾಗಿ ಚಿಕ್ಕದಾಗುವುದೂ ಇದೇ ಕಾರಣಕ್ಕೆ. ಮಕ್ಕಳಾಗದೆ ಚಿಕಿತ್ಸೆಗೆ ಬಂದವರಿಗೆ ‘ಶಕ್ತಿಗೆ’ ಎಂದು ಟೆಸ್ಟೊಸ್ಟೆರಾನ್ ಬರೆದುಕೊಟ್ಟರೆ ಇದ್ದ ಅವಕಾಶವೂ ಮುಚ್ಚಿಹೋಗುತ್ತದೆ.

ಔಷಧ ನಿಲ್ಲಿಸಿದ ಮೇಲೆ ಹೆಚ್ಚಿನವರಲ್ಲಿ ಆರರಿಂದ ಹನ್ನೆರಡು ತಿಂಗಳಲ್ಲಿ ವೀರ್ಯಾಣು ಮರಳುತ್ತದೆ. ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ವಯಸ್ಸಾದಷ್ಟೂ, ಬಳಸಿದ ಕಾಲ ಹೆಚ್ಚಾದಷ್ಟೂ, ಮೊದಲೇ ವೃಷಣ ದುರ್ಬಲವಾಗಿದ್ದಷ್ಟೂ ತಡ. ಮಗು ಬೇಕಾದವರಿಗೆ ಎಲ್‌ಎಚ್‌ನಂತೆ ಕೆಲಸ ಮಾಡುವ ಎಚ್‌ಸಿಜಿ ಇಂಜೆಕ್ಷನ್, ಕೆಲವರಿಗೆ ಜೊತೆಗೆ ಎಫ್‌ಎಸ್‌ಎಚ್, ಅಥವಾ ಕ್ಲೋಮಿಫೀನ್ ಮಾತ್ರೆ ಎಂಬ ದಾರಿಗಳಿವೆ. ಇವು ವೃಷಣವನ್ನು ಮಲಗಿಸದೆ ಕೆಲಸಕ್ಕೆ ಹಚ್ಚುತ್ತವೆ. ಟೆಸ್ಟೊಸ್ಟೆರಾನ್ ಬಿಟ್ಟರೆ ಬೇರೆ ಗತಿಯಿಲ್ಲ ಎನ್ನುವಂತಿದ್ದರೆ ಶುರು ಮಾಡುವ ಮೊದಲೇ ವೀರ್ಯಾಣು ಶೀತಲೀಕರಿಸಿ ಇಡಿಸಿಕೊಳ್ಳಬಹುದು.

ಹಾಗಾದರೆ ಇದನ್ನೇ ಗರ್ಭನಿರೋಧಕವಾಗಿ ನಂಬಬಹುದೇ?

ಇಲ್ಲ. ಎಲ್ಲರಲ್ಲೂ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ.

ಇಂಜೆಕ್ಷನ್, ಜೆಲ್, ಪ್ಯಾಚ್, ಮಾತ್ರೆ: ಯಾವುದು ಒಳ್ಳೆಯದು?

ಒಂದೊಂದಕ್ಕೂ ಒಂದೊಂದು ತೊಡಕಿದೆ. ಎನಾಂಥೇಟ್ ಮತ್ತು ಸಿಪಿಯೊನೇಟ್ ಇಂಜೆಕ್ಷನ್‌ಗಳನ್ನು ವಾರಕ್ಕೆ 75ರಿಂದ 100 ಮಿ.ಗ್ರಾಂ ಅಥವಾ ಎರಡು ವಾರಕ್ಕೊಮ್ಮೆ 150ರಿಂದ 200 ಮಿ.ಗ್ರಾಂ ಕೊಡುತ್ತಾರೆ. ಎರಡು ವಾರಕ್ಕೊಮ್ಮೆ ಎಂದಾದರೆ ಮೊದಲ ಎರಡು ಮೂರು ದಿನ ಮಟ್ಟ ಮೇಲಕ್ಕೆ ಜಿಗಿದು, ಕೊನೆಯ ದಿನಗಳಲ್ಲಿ ನೆಲ ಕಚ್ಚುತ್ತದೆ. ಮನಸ್ಸು, ಉತ್ಸಾಹ, ಲೈಂಗಿಕ ಆಸಕ್ತಿ ಅದರ ಜೊತೆಗೇ ಏರಿಳಿಯುತ್ತವೆ. ಇದು ಕಾಡುತ್ತಿದ್ದರೆ ಡೋಸ್ ಹೆಚ್ಚಿಸುವುದು ಪರಿಹಾರವಲ್ಲ. ಅದೇ ಮೊತ್ತವನ್ನು ವಾರವಾರಕ್ಕೆ ಹಂಚಿ ಕೊಡಿಸಿಕೊಳ್ಳುವುದು ಮೇಲು. ಅಂಡೆಕನೋಯೇಟ್ 1000 ಮಿ.ಗ್ರಾಂ ಇಂಜೆಕ್ಷನ್ ದೀರ್ಘಾವಧಿಯದು: ಮೊದಲನೆಯದು ಕೊಟ್ಟ ಆರು ವಾರಕ್ಕೆ ಎರಡನೆಯದು, ಆಮೇಲೆ 10ರಿಂದ 14 ವಾರಕ್ಕೊಂದು. ಏರಿಳಿತ ಕಡಿಮೆ, ಆದರೆ ಅಡ್ಡಪರಿಣಾಮ ಕಂಡರೆ ಒಳಗೆ ಹೋದ ಔಷಧವನ್ನು ವಾಪಸ್ ತೆಗೆಯಲಾಗದು. ಅದಕ್ಕೇ ವಯಸ್ಸಾದವರಿಗೆ ಮೊದಲು ಜೆಲ್‌ನಂಥ ಅಲ್ಪಾವಧಿಯದನ್ನು ಕೊಟ್ಟು ನೋಡುವುದು ಜಾಣತನ ಎನ್ನುವುದು ನಮ್ಮ ಅಭಿಪ್ರಾಯ.

ಜೆಲ್ ದಿನಾ ಹಚ್ಚಬೇಕು, ಮಟ್ಟ ಸಮವಾಗಿರುತ್ತದೆ, ಆದರೆ ಇತರರಿಗೆ ಅಂಟುವ ಅಪಾಯವಿದೆ. ಪ್ಯಾಚ್ ಹಚ್ಚಿದಲ್ಲಿ ಹಲವರಿಗೆ ತುರಿಕೆ, ಗುಳ್ಳೆ ಏಳುತ್ತದೆ. ಮೂಗಿಗೆ ಹಾಕುವ ಜೆಲ್ ಇದೆ, ದಿನಕ್ಕೆ ಮೂರು ಬಾರಿ ಮರೆಯದೆ ಹಾಕುವ ತಾಳ್ಮೆ ಬೇಕು. ಚರ್ಮದಡಿ ಇಡುವ ಪೆಲೆಟ್‌ಗಳು ಮೂರರಿಂದ ಆರು ತಿಂಗಳು ಬರುತ್ತವೆ, ಸಣ್ಣ ಶಸ್ತ್ರಚಿಕಿತ್ಸೆ ಬೇಕು, ಒಮ್ಮೊಮ್ಮೆ ಹೊರಕ್ಕೆ ಜಾರಿ ಬರುತ್ತವೆ.

ಮಾತ್ರೆಯಿಂದ ಲಿವರ್ ಹಾಳಾಗುತ್ತದೆಯೇ?

ಯಾವ ಮಾತ್ರೆ ಎನ್ನುವುದರ ಮೇಲಿದೆ. ಮಿಥೈಲ್ ಟೆಸ್ಟೊಸ್ಟೆರಾನ್ ಎಂಬ ಹಳೆಯ ಮಾತ್ರೆ ಲಿವರ್‌ಗೆ ನಿಜವಾಗಿ ಕೆಟ್ಟದ್ದು. ಕಾಮಾಲೆ, ರಕ್ತ ತುಂಬಿದ ಗುಳ್ಳೆಗಳು, ಗಡ್ಡೆಗಳು ವರದಿಯಾಗಿವೆ, ಇವತ್ತು ಕೊರತೆಯ ಚಿಕಿತ್ಸೆಗೆ ಅದನ್ನು ಬಳಸುವಂತಿಲ್ಲ. ಅಂಡೆಕನೋಯೇಟ್ ಕ್ಯಾಪ್ಸೂಲ್ ಬೇರೆ. ಅದು ಕರುಳಿನ ಕೊಬ್ಬಿನ ಜೊತೆ ದುಗ್ಧರಸದ ದಾರಿಯಲ್ಲಿ ಹೀರಲ್ಪಡುವುದರಿಂದ ಲಿವರ್‌ನ ಮೊದಲ ಹೊಡೆತ ತಪ್ಪುತ್ತದೆ. ಖಾಲಿ ಹೊಟ್ಟೆಯಲ್ಲೋ ಎಣ್ಣೆ, ಬೆಣ್ಣೆಯ ಅಂಶವೇ ಇಲ್ಲದ ಊಟದ ಜೊತೆಗೋ ನುಂಗಿದರೆ ಅದು ಸರಿಯಾಗಿ ಒಳಸೇರುವುದೇ ಇಲ್ಲ. ‘ಮಾತ್ರೆ ಕೆಲಸ ಮಾಡುತ್ತಿಲ್ಲ’ ಎನ್ನುವವರು ಮೊದಲು ಇದನ್ನು ನೋಡಿಕೊಳ್ಳಿ. ಹೊಸ ಕ್ಯಾಪ್ಸೂಲ್‌ಗಳು ರಕ್ತದೊತ್ತಡ ಏರಿಸುತ್ತವೆ ಎಂಬ ವಿಶೇಷ ಎಚ್ಚರಿಕೆಯೊಂದಿಗೆ ಬರುತ್ತವೆ.

ಮನೆಯಲ್ಲೇ ಇಂಜೆಕ್ಷನ್ ತೆಗೆದುಕೊಳ್ಳುವ ಸರಿಯಾದ ಕ್ರಮ ಯಾವುದು?

ನರ್ಸ್ ಎದುರಲ್ಲಿ ಒಂದೆರಡು ಬಾರಿ ಮಾಡಿ ತೋರಿಸಿದ ಮೇಲಷ್ಟೇ ಮನೆಯಲ್ಲಿ ಮಾಡಿ. ಇದು ಎನಾಂಥೇಟ್, ಸಿಪಿಯೊನೇಟ್‌ಗೆ ಮಾತ್ರ. ಅಂಡೆಕನೋಯೇಟ್‌ನ 4 ಮಿ.ಲೀ. ಇಂಜೆಕ್ಷನ್ ಅನ್ನು ಆಸ್ಪತ್ರೆಯಲ್ಲೇ ತೆಗೆದುಕೊಳ್ಳಬೇಕು.

ಅತಿ ಹೆಚ್ಚು ತಪ್ಪಾಗುವುದು ಲೆಕ್ಕದಲ್ಲಿ. ಬಾಟಲಿಯ ಮೇಲೆ ಒಂದು ಮಿ.ಲೀ.ಗೆ 100, 200 ಅಥವಾ 250 ಮಿ.ಗ್ರಾಂ ಎಂದಿರುತ್ತದೆ. 100 ಮಿ.ಗ್ರಾಂ ಬೇಕಿದ್ದರೆ ಮೊದಲನೆಯದರಲ್ಲಿ 1 ಮಿ.ಲೀ., ಎರಡನೆಯದರಲ್ಲಿ 0.5, ಮೂರನೆಯದರಲ್ಲಿ 0.4. ಮೆಡಿಕಲ್ ಶಾಪ್‌ನವರು ಬೇರೆ ಕಂಪನಿಯದು ಕೊಟ್ಟಾಗ ಈ ಸಂಖ್ಯೆ ಬದಲಾಗಿದ್ದರೂ ಹಳೆಯ ಗೆರೆವರೆಗೇ ಎಳೆದುಕೊಳ್ಳುವವರಿದ್ದಾರೆ. ಪ್ರತಿ ಹೊಸ ಬಾಟಲಿಗೂ ಲೆಕ್ಕ ಹೊಸದಾಗಿ ಮಾಡಿ.

1. ಕೈ ಸೋಪಿನಿಂದ ತೊಳೆಯಿರಿ. ಬಾಟಲಿಯನ್ನು ಅಂಗೈಯಲ್ಲಿ ಕೆಲ ನಿಮಿಷ ಬೆಚ್ಚಗಾಗಿಸಿ. ಎಣ್ಣೆ ತೆಳುವಾದರೆ ನೋವೂ ಕಡಿಮೆ.
2. ರಬ್ಬರ್ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಲು ಬಿಡಿ.
3. 18ರಿಂದ 21 ಗೇಜಿನ ದಪ್ಪ ಸೂಜಿಯಿಂದ ಔಷಧ ಎಳೆದುಕೊಳ್ಳಿ. ಆ ಸೂಜಿ ತೆಗೆದು 22ರಿಂದ 25 ಗೇಜಿನ, ಒಂದರಿಂದ ಒಂದೂವರೆ ಇಂಚಿನ ಹೊಸ ಸೂಜಿ ಹಾಕಿ. ರಬ್ಬರ್ ಚುಚ್ಚಿದ ಸೂಜಿಯ ಮೊನೆ ಮೊಂಡಾಗಿರುತ್ತದೆ, ಅದನ್ನೇ ಬಳಸಬೇಡಿ.
4. ಜಾಗ: ತೊಡೆಯ ಹೊರಬದಿಯ ನಡುಭಾಗ. ಪೃಷ್ಠಕ್ಕೆ ಬೇರೆಯವರು ಕೊಡುವುದಾದರೆ ಮೇಲಿನ ಹೊರಮೂಲೆ ಮಾತ್ರ. ಒಳಕ್ಕೆ, ಕೆಳಕ್ಕೆ ಹೋದರೆ ಕಾಲಿನ ದೊಡ್ಡ ನರಕ್ಕೆ ತಾಗುವ ಅಪಾಯ.
5. ಚರ್ಮ ಒರೆಸಿ, ಒಣಗಿದ ಮೇಲೆ ಸೂಜಿಯನ್ನು ನೇರವಾಗಿ ಇಳಿಸಿ. ನಿಧಾನಕ್ಕೆ, ಒಂದು ಮಿ.ಲೀ.ಗೆ ಹತ್ತು ಸೆಕೆಂಡಿನಂತೆ ತಳ್ಳಿ. ಇನ್ನೊಂದು ಹತ್ತು ಸೆಕೆಂಡು ಬಿಟ್ಟು ಹೊರತೆಗೆದರೆ ಎಣ್ಣೆ ಸೋರುವುದಿಲ್ಲ.
6. ಹತ್ತಿಯಿಂದ ಒತ್ತಿ ಹಿಡಿಯಿರಿ. ಮುಂದಿನ ಬಾರಿ ಇನ್ನೊಂದು ತೊಡೆಗೆ.

ಒಂದೆರಡು ದಿನ ನೋವು, ಸಣ್ಣ ಗಂಟು ಸಹಜ. ಎರಡು ದಿನ ಕಳೆದ ಮೇಲೂ ನೋವು ಏರುತ್ತಲೇ ಇದ್ದರೆ, ಜಾಗ ಕೆಂಪಾಗಿ ಬಿಸಿಯಾಗಿದ್ದರೆ, ಜ್ವರ ಬಂದರೆ ಕೀವಾಗುತ್ತಿದೆ ಎಂದರ್ಥ, ತೋರಿಸಿ. ಎಷ್ಟೇ ಹತ್ತಿರದವರಾದರೂ ಸೂಜಿಯಾಗಲಿ ಬಾಟಲಿಯಾಗಲಿ ಹಂಚಿಕೊಳ್ಳಬೇಡಿ.

ಬಾಟಲಿಯಲ್ಲಿ ಹರಳು ಕಟ್ಟಿದೆ. ಕೆಟ್ಟಿದೆಯೇ?

ತಣ್ಣಗಿನ ಜಾಗದಲ್ಲಿಟ್ಟರೆ ಸಿಪಿಯೊನೇಟ್ ಹರಳುಗಟ್ಟುತ್ತದೆ. ಕೈಯಲ್ಲಿ ಬೆಚ್ಚಗೆ ಮಾಡಿ ಅಲುಗಾಡಿಸಿದರೆ ಕರಗುತ್ತದೆ; ಪೂರ್ತಿ ತಿಳಿಯಾದ ಮೇಲೆ ಬಳಸಿ. ತಿಳಿಯಾಗದಿದ್ದರೆ, ಬಣ್ಣ ಬದಲಾಗಿದ್ದರೆ ಬಿಸಾಡಿ. ಫ್ರಿಜ್‌ನಲ್ಲಿ ಇಡುವ ಅಗತ್ಯವೇ ಇಲ್ಲ.

ನನಗೆ ಕಡಲೆಕಾಯಿ ಅಲರ್ಜಿ ಇದೆ. ತೊಂದರೆಯೇ?

ಹೌದು, ಆಗಬಹುದು. ಈ ಇಂಜೆಕ್ಷನ್‌ಗಳೆಲ್ಲ ಎಣ್ಣೆಯಲ್ಲಿ ಕರಗಿಸಿದವು. ನಾಲ್ಕು ಎಸ್ಟರ್‌ಗಳ (ಎನಾಂಥೇಟ್‌ನಂಥ ಟೆಸ್ಟೊಸ್ಟೆರಾನ್ ರೂಪಗಳ) ಮಿಶ್ರಣವಾದ ಸಸ್ಟನಾನ್ 250ರಲ್ಲಿ ಇರುವುದು ಕಡಲೆಕಾಯಿ ಎಣ್ಣೆ. ಎನಾಂಥೇಟ್‌ನಲ್ಲಿ ಸಾಮಾನ್ಯವಾಗಿ ಎಳ್ಳೆಣ್ಣೆ, ಸಿಪಿಯೊನೇಟ್‌ನಲ್ಲಿ ಹತ್ತಿಬೀಜದ ಎಣ್ಣೆ, ಅಂಡೆಕನೋಯೇಟ್‌ನಲ್ಲಿ ಹರಳೆಣ್ಣೆ. ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಪ್ಯಾಕಿನೊಳಗಿನ ಚೀಟಿ ಓದಿ, ಅಲರ್ಜಿಯನ್ನು ವೈದ್ಯರಿಗೆ ಮೊದಲೇ ಹೇಳಿ.

ಇಂಜೆಕ್ಷನ್ ಆದ ತಕ್ಷಣ ಕೆಮ್ಮು ಒತ್ತರಿಸಿ ಬಂತು. ಏನಿದು?

ಎಣ್ಣೆಯ ಸಣ್ಣ ಹನಿಗಳು ರಕ್ತನಾಳ ಸೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಾಗ ಹೀಗಾಗುತ್ತದೆ. ಕೆಮ್ಮು, ಗಂಟಲು ಬಿಗಿತ, ಏದುಸಿರು, ಬೆವರು, ತಲೆಸುತ್ತು ಬರಬಹುದು. ದೊಡ್ಡ ಪ್ರಮಾಣದ ಅಂಡೆಕನೋಯೇಟ್‌ನಲ್ಲಿ ಇದರ ಸಂಭವ ಹೆಚ್ಚು. ಅದಕ್ಕಾಗಿಯೇ ಅದನ್ನು ಸುಮಾರು ಎರಡು ನಿಮಿಷ ಹಿಡಿದು ನಿಧಾನವಾಗಿ ಪೃಷ್ಠದ ಸ್ನಾಯುವಿಗೆ ಆಳವಾಗಿ ಕೊಡುತ್ತಾರೆ, ಆಮೇಲೆ 30 ನಿಮಿಷ ಅಲ್ಲೇ ಕೂರಿಸಿಕೊಳ್ಳುತ್ತಾರೆ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಶಮನವಾಗುತ್ತದೆ. ಆದರೂ ಆ ಅರ್ಧ ಗಂಟೆ ಕೆಲಸವಿದೆಯೆಂದು ಎದ್ದು ಹೋಗಬೇಡಿ. ತೀವ್ರ ಅಲರ್ಜಿಯೂ ಇದೇ ಹೊತ್ತಿನಲ್ಲಿ ಕಾಣಿಸಿಕೊಳ್ಳುವುದು.

ಜೆಲ್ ಹಚ್ಚುವಾಗ ಏನೇನು ಗಮನಿಸಬೇಕು?

ಬೆಳಗ್ಗೆ ಸ್ನಾನ ಮಾಡಿ, ಮೈ ಒರೆಸಿ ಒಣಗಿದ ಮೇಲೆ, ದಿನಾ ಒಂದೇ ಹೊತ್ತಿಗೆ ಹಚ್ಚಿ. 1% ಜೆಲ್‌ನಲ್ಲಿ ಸಾಮಾನ್ಯ ಆರಂಭದ ಡೋಸ್ 50 ಮಿ.ಗ್ರಾಂ, ಅಂದರೆ 5 ಗ್ರಾಂ ಜೆಲ್. 1.62% ಜೆಲ್‌ನಲ್ಲಿ 40.5 ಮಿ.ಗ್ರಾಂ, ಪಂಪಿನ ಎರಡು ಒತ್ತು. ಶಕ್ತಿ ಬೇರೆ ಬೇರೆ ಇರುವುದರಿಂದ ಒಂದರ ಬದಲು ಇನ್ನೊಂದನ್ನು ಅಷ್ಟೇ ಪ್ರಮಾಣದಲ್ಲಿ ಹಚ್ಚುವಂತಿಲ್ಲ. ಹೆಗಲು ಮತ್ತು ಮೇಲ್ದೋಳಿಗೆ ಹಚ್ಚಬೇಕು; ಕೆಲವನ್ನು ಹೊಟ್ಟೆಗೆ, ಕೆಲವನ್ನು ಒಳತೊಡೆಗೆ. ಚೀಟಿಯಲ್ಲಿ ಹೇಳದ ಜಾಗಕ್ಕೆ ಬೇಡ. ಜನನಾಂಗಕ್ಕಂತೂ ಬೇಡವೇ ಬೇಡ, ಜೆಲ್‌ನಲ್ಲಿ ಆಲ್ಕೋಹಾಲ್ ಇದ್ದು ಉರಿಯುತ್ತದೆ. ಅದೇ ಕಾರಣಕ್ಕೆ ಜೆಲ್ ಒಣಗುವವರೆಗೆ ಒಲೆ, ಬೀಡಿ, ಸಿಗರೇಟಿನ ಹತ್ತಿರ ಹೋಗಬೇಡಿ. ಒಣಗಿದ ಮೇಲೆ ಅಂಗಿ ಹಾಕಿ, ಕೈಯನ್ನು ಸೋಪು ಹಚ್ಚಿ ತೊಳೆಯಿರಿ. ಹಚ್ಚಿದ ಮೇಲೆ 1.62% ಆದರೆ ಎರಡು ಗಂಟೆ, 1% ಆದರೆ ಐದಾರು ಗಂಟೆ ಈಜು, ಸ್ನಾನ ಬೇಡ.

ಜೆಲ್ ಹಚ್ಚಿದವರನ್ನು ಮಕ್ಕಳು ಮುಟ್ಟಿದರೆ ಏನಾಗುತ್ತದೆ?

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಗಲ ಮೇಲೆ ಮಲಗುವ ಮಗುವಿಗೆ, ಅಂಗಿಯಿಂದ, ಟವಲಿನಿಂದ, ಹಾಸಿಗೆಯಿಂದಲೂ ಔಷಧ ದಾಟುತ್ತದೆ. ಪುಟ್ಟ ಮಕ್ಕಳಲ್ಲಿ ಜನನಾಂಗ ದೊಡ್ಡದಾಗುವುದು, ಗುಪ್ತಾಂಗದ ಬಳಿ ಕೂದಲು, ಪದೇ ಪದೇ ನಿಮಿರುವಿಕೆ, ವಿಪರೀತ ಸಿಟ್ಟು, ಮೂಳೆ ವಯಸ್ಸಿಗೆ ಮೀರಿ ಬಲಿಯುವುದು ಕಂಡುಬಂದಿವೆ. 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಜೆಲ್ ಪ್ಯಾಕಿನ ಮೇಲೆ ಅತ್ಯುನ್ನತ ಮಟ್ಟದ ಎಚ್ಚರಿಕೆ ಹಾಕಿಸಿದ್ದು ಇಂಥ ಮಕ್ಕಳ ಪ್ರಕರಣಗಳಿಂದಲೇ. ಸಂಪರ್ಕ ತಪ್ಪಿಸಿದರೆ ಹೆಚ್ಚಿನ ಲಕ್ಷಣಗಳು ಹಿಂದಕ್ಕೆ ಸರಿಯುತ್ತವೆ, ಆದರೆ ಮುಂದೆ ಹೋದ ಮೂಳೆಯ ವಯಸ್ಸು ಕೆಲವರಲ್ಲಿ ಪೂರ್ತಿ ಸರಿಹೋಗುವುದಿಲ್ಲ.

ಹೆಂಡತಿಗೆ ಮೊಡವೆ, ಮುಖದ ಮೇಲೆ ಕೂದಲು ಶುರುವಾದರೆ ಅದೂ ಇದರದ್ದೇ ಸೂಚನೆ ಇರಬಹುದು. ಗರ್ಭಿಣಿಯಿದ್ದರೆ ಹೊಟ್ಟೆಯ ಹೆಣ್ಣು ಮಗುವಿನ ಜನನಾಂಗದ ಬೆಳವಣಿಗೆಗೇ ಧಕ್ಕೆ. ಚರ್ಮ ತಾಗುವ ಸಂದರ್ಭವಿದ್ದರೆ ಮೊದಲು ಆ ಜಾಗವನ್ನು ಸೋಪಿನಿಂದ ತೊಳೆಯಿರಿ. ಯಾರಿಗಾದರೂ ತಾಗಿಬಿಟ್ಟರೆ ಅವರೂ ಕೂಡಲೇ ತೊಳೆದುಕೊಳ್ಳಬೇಕು. ಎಳೆಯ ಮಕ್ಕಳಿರುವ, ಎಲ್ಲರೂ ಒಟ್ಟಿಗೆ ಮಲಗುವ ಮನೆಯಾದರೆ ಜೆಲ್ ಬೇಡವೆಂದು ವೈದ್ಯರಿಗೆ ಹೇಳುವುದೇ ಸುಲಭ.

ಒಂದು ಡೋಸ್ ಮರೆತರೆ?

ಜೆಲ್, ಮಾತ್ರೆ: ನೆನಪಾದಾಗ ತೆಗೆದುಕೊಳ್ಳಿ, ಮುಂದಿನದರ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ. ಇಂಜೆಕ್ಷನ್: ನೆನಪಾದ ದಿನ ತೆಗೆದುಕೊಂಡು ಅಲ್ಲಿಂದ ಮುಂದಿನ ದಿನಾಂಕ ಎಣಿಸಿ. ಯಾವುದರಲ್ಲೂ ಎರಡು ಡೋಸ್ ಸೇರಿಸಬೇಡಿ.

ಎಷ್ಟು ದಿನಕ್ಕೆ ಗುಣ ಕಾಣುತ್ತದೆ?

ಲೈಂಗಿಕ ಆಸಕ್ತಿ ಮೂರರಿಂದ ಆರು ವಾರದಲ್ಲಿ ಚಿಗುರುತ್ತದೆ. ನಿಮಿರುವಿಕೆಗೆ ಆರು ತಿಂಗಳವರೆಗೂ ಹಿಡಿಯಬಹುದು. ಸ್ನಾಯು ಮತ್ತು ಕೊಬ್ಬಿನ ಬದಲಾವಣೆ ಮೂರು ನಾಲ್ಕು ತಿಂಗಳಿಂದ, ಮೂಳೆ ಗಟ್ಟಿಯಾಗುವುದು ಆರು ತಿಂಗಳ ನಂತರ. ಮಟ್ಟ ಸರಿಹೋಗಿ ಆರು ತಿಂಗಳಾದರೂ ಯಾವ ಲಕ್ಷಣಕ್ಕಾಗಿ ಶುರು ಮಾಡಿದಿರೋ ಅದು ಕದಲದಿದ್ದರೆ ಕಾರಣ ಬೇರೆಲ್ಲೋ ಇದೆ, ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಯಾವ ಪರೀಕ್ಷೆ, ಯಾವಾಗ?

ಶುರುವಿಗೆ ಮುಂಚೆ ಹಿಮಟೊಕ್ರಿಟ್, ಪಿಎಸ್‌ಎ (ಪ್ರಾಸ್ಟೇಟ್‌ನ ತೊಂದರೆ ಸೂಚಿಸುವ ರಕ್ತಪರೀಕ್ಷೆ), ರಕ್ತದೊತ್ತಡ. ಮೂರರಿಂದ ಆರು ತಿಂಗಳಿಗೆ ಇವೆಲ್ಲದರ ಜೊತೆ ಟೆಸ್ಟೊಸ್ಟೆರಾನ್ ಮಟ್ಟ, ಆಮೇಲೆ ವರ್ಷಕ್ಕೊಮ್ಮೆ. ಮೂಳೆ ಸವೆತ ಇದ್ದವರಿಗೆ ಒಂದೆರಡು ವರ್ಷಕ್ಕೊಮ್ಮೆ ಸಾಂದ್ರತೆಯ ಪರೀಕ್ಷೆ.

ಟೆಸ್ಟೊಸ್ಟೆರಾನ್ ಮಟ್ಟಕ್ಕೆ ರಕ್ತ ಕೊಡುವ ಹೊತ್ತು ತಪ್ಪಿದರೆ ಸಂಖ್ಯೆ ದಾರಿ ತಪ್ಪಿಸುತ್ತದೆ. ಎನಾಂಥೇಟ್, ಸಿಪಿಯೊನೇಟ್‌ನಲ್ಲಿ ಎರಡು ಇಂಜೆಕ್ಷನ್‌ಗಳ ನಡುವಿನ ದಿನ ಕೊಡಿ. ಅಂಡೆಕನೋಯೇಟ್ ಇಂಜೆಕ್ಷನ್‌ನಲ್ಲಿ ಮುಂದಿನ ಡೋಸಿಗೆ ಸ್ವಲ್ಪ ಮೊದಲು. ಜೆಲ್‌ನಲ್ಲಿ ಕನಿಷ್ಠ ಒಂದು ವಾರ ತಪ್ಪದೆ ಹಚ್ಚಿದ ಮೇಲೆ, ಹಚ್ಚಿ ಎರಡರಿಂದ ಎಂಟು ಗಂಟೆಯೊಳಗೆ. ಜೆಲ್ ಹಚ್ಚಿದ ತೋಳಿನಿಂದಲೇ ರಕ್ತ ಎಳೆದರೆ ಚರ್ಮದ ಮೇಲಿನ ಔಷಧ ಸೂಜಿಗೆ ತಾಗಿ ಮಟ್ಟ ಸುಳ್ಳುಸುಳ್ಳೇ ಗಗನಕ್ಕೇರುತ್ತದೆ. ಗುರಿ ಸಾಮಾನ್ಯ ಮಿತಿಯ ನಡುಭಾಗ, ತುತ್ತತುದಿಯಲ್ಲ.

ಹಿಮಟೊಕ್ರಿಟ್ ಬಗ್ಗೆ ಅಷ್ಟೊಂದು ಎಚ್ಚರಿಕೆ ಯಾಕೆ?

ಯಾಕೆಂದರೆ ಹೆಚ್ಚಾಗಿ ಕಾಣುವ ಗಂಭೀರ ಅಡ್ಡಪರಿಣಾಮ ಇದೇ, ಮತ್ತು ಒಳಗೊಳಗೇ ಏರುವವರೆಗೆ ಗೊತ್ತೇ ಆಗುವುದಿಲ್ಲ. ಹಿಮಟೊಕ್ರಿಟ್ ಎಂದರೆ ರಕ್ತದಲ್ಲಿ ಕೆಂಪು ಕಣಗಳು ತುಂಬಿರುವ ಪಾಲು. ಟೆಸ್ಟೊಸ್ಟೆರಾನ್ ಕೆಂಪು ಕಣ ಹುಟ್ಟಿಸುವ ಎರಿಥ್ರೊಪೊಯೆಟಿನ್ ಅನ್ನು ಹೆಚ್ಚಿಸುತ್ತದೆ, ಕಬ್ಬಿಣವನ್ನು ತಡೆದಿಡುವ ಹೆಪ್ಸಿಡಿನ್ ಅನ್ನು ತಗ್ಗಿಸುತ್ತದೆ. ಕಣಗಳು ಹೆಚ್ಚಿ ರಕ್ತ ಮಂದವಾಗುತ್ತದೆ. ಇಂಜೆಕ್ಷನ್‌ನಲ್ಲಿ ಇದು ಜೆಲ್‌ಗಿಂತ ಹೆಚ್ಚು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಧೂಮಪಾನ, ಸ್ಲೀಪ್ ಆಪ್ನಿಯಾ ಇದ್ದರೆ ಉರಿಯುವುದಕ್ಕೆ ತುಪ್ಪ ಸುರಿದಂತೆ.

54% ದಾಟಿದರೆ ಔಷಧ ನಿಲ್ಲಿಸಬೇಕು. ಇಳಿದ ಮೇಲೆ ಕಾರಣ ಹುಡುಕಿ, ಕಡಿಮೆ ಡೋಸಿನಲ್ಲಿ ಅಥವಾ ಜೆಲ್‌ಗೆ ಬದಲಿಸಿ ಮತ್ತೆ ಶುರು ಮಾಡಬಹುದು. ರಕ್ತದಾನ ಮಾಡುತ್ತ ಹಳೆಯ ಡೋಸನ್ನೇ ಮುಂದುವರಿಸುವ ಅಭ್ಯಾಸ ಕೆಲವರಲ್ಲಿದೆ. ಸಂಖ್ಯೆ ತಾತ್ಕಾಲಿಕವಾಗಿ ಇಳಿಯುತ್ತದೆ ನಿಜ; ಕಬ್ಬಿಣ ಬರಿದಾಗಿ ಸುಸ್ತು ಹಿಡಿಯುತ್ತದೆ, ಮೂಲ ಕಾರಣವಾದ ಹೆಚ್ಚಿನ ಡೋಸ್ ಹಾಗೇ ಉಳಿಯುತ್ತದೆ. ಪರೀಕ್ಷೆಯ ಹಿಂದಿನ ದಿನ ನೀರು ಚೆನ್ನಾಗಿ ಕುಡಿಯಿರಿ, ಮೈ ಒಣಗಿದ್ದರೂ ಹಿಮಟೊಕ್ರಿಟ್ ಹೆಚ್ಚು ತೋರುತ್ತದೆ.

ಪ್ರಾಸ್ಟೇಟ್ ಕ್ಯಾನ್ಸರ್ ಬರುತ್ತದೆಯೇ?

ಕೊರತೆ ಇರುವವರಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಹೊಸದಾಗಿ ಕ್ಯಾನ್ಸರ್ ಹುಟ್ಟಿಸುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಆದರೆ ಮೊದಲೇ ಅಡಗಿರುವ ಕ್ಯಾನ್ಸರ್‌ಗೆ ಟೆಸ್ಟೊಸ್ಟೆರಾನ್ ಒತ್ತಾಸೆ ಕೊಡಬಹುದು, ಅದಕ್ಕೇ ಪಿಎಸ್‌ಎ ನೋಡುವುದು. ಮೊದಲ ವರ್ಷದಲ್ಲಿ ಪಿಎಸ್‌ಎ 1.4ಕ್ಕಿಂತ ಹೆಚ್ಚು ಏರಿದರೆ ಅಥವಾ 4 ದಾಟಿದರೆ, ಮತ್ತೊಮ್ಮೆ ಮಾಡಿಸಿ ಖಚಿತವಾದರೆ, ಯುರಾಲಜಿಸ್ಟ್‌ಗೆ ತೋರಿಸಬೇಕು. ಕೂದಲಿಗೋ ಪ್ರಾಸ್ಟೇಟಿಗೋ ಫಿನಾಸ್ಟರೈಡ್, ಡುಟಾಸ್ಟರೈಡ್ ನುಂಗುತ್ತಿರುವವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದು ಕಾಣುತ್ತದೆ. ಹೇಳದಿದ್ದರೆ ವೈದ್ಯರು ಮೋಸ ಹೋಗುತ್ತಾರೆ.

ಹೃದಯಕ್ಕೆ ಅಪಾಯವೇ?

ವರ್ಷಗಟ್ಟಲೆ ವಾದ ನಡೆದ ಪ್ರಶ್ನೆ. 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ 45ರಿಂದ 80 ವಯಸ್ಸಿನ, ಕೊರತೆಯ ಲಕ್ಷಣಗಳಿದ್ದ ಮತ್ತು ಹೃದ್ರೋಗ ಅಥವಾ ಅದರ ಹೆಚ್ಚಿನ ಅಪಾಯವಿದ್ದ ಐದು ಸಾವಿರಕ್ಕೂ ಹೆಚ್ಚು ಪುರುಷರಿದ್ದರು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಸೇರಿ ಟೆಸ್ಟೊಸ್ಟೆರಾನ್ ಜೆಲ್ ಗುಂಪಿನಲ್ಲಿ 7.0%, ಔಷಧವಿಲ್ಲದ ಹುಸಿಜೆಲ್ ಗುಂಪಿನಲ್ಲಿ 7.3%. ಅಂದರೆ ಅಪಾಯ ಹೆಚ್ಚಲಿಲ್ಲ. ಆದರೆ ಹೃದಯದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್, ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಟೆಸ್ಟೊಸ್ಟೆರಾನ್ ಗುಂಪಿನಲ್ಲಿ ಹೆಚ್ಚಿದ್ದವು. ಮೂಳೆ ಮುರಿತವೂ ನಿರೀಕ್ಷೆಗೆ ವಿರುದ್ಧವಾಗಿ ಹೆಚ್ಚೇ ಇತ್ತು. 2025ರಲ್ಲಿ ಎಫ್‌ಡಿಎ ಹೃದಯಾಘಾತದ ಹಳೆಯ ಎಚ್ಚರಿಕೆಯನ್ನು ಸಡಿಲಿಸಿ, ಎಲ್ಲ ಟೆಸ್ಟೊಸ್ಟೆರಾನ್ ಔಷಧಗಳಿಗೂ ರಕ್ತದೊತ್ತಡದ ಎಚ್ಚರಿಕೆ ಸೇರಿಸಿತು. ಆ ಅಧ್ಯಯನ ಕೊರತೆ ಇರುವವರಿಗೆ ಸಾಮಾನ್ಯ ಮಟ್ಟ ತಲುಪಿಸಲು ಕೊಟ್ಟ ಜೆಲ್ ಕುರಿತದ್ದು. ಜಿಮ್ಮಿನ ಡೋಸಿಗೆ ಅದನ್ನು ಸಮರ್ಥನೆಯಾಗಿ ತರುವುದು ಸಲ್ಲ.

ಎದೆ ನೋಯುತ್ತದೆ, ಮೊಡವೆ ಎದ್ದಿವೆ, ತಲೆಗೂದಲು ಉದುರುತ್ತಿದೆ.

ಮೊಲೆತೊಟ್ಟಿನ ಸುತ್ತ ನೋವು, ಗಡ್ಡೆಯಂತೆ ಊದುವುದಕ್ಕೆ ಕಾರಣ ಟೆಸ್ಟೊಸ್ಟೆರಾನ್‌ನ ಒಂದು ಪಾಲು ದೇಹದ ಕೊಬ್ಬಿನಲ್ಲಿ ಈಸ್ಟ್ರೊಜೆನ್ ಆಗಿ ಬದಲಾಗುವುದು. ಹೆಚ್ಚಿನ ಬಾರಿ ಡೋಸ್ ತಗ್ಗಿಸಿದರೆ, ಏರಿಳಿತ ಕಡಿಮೆ ಮಾಡಿದರೆ ಸರಿಹೋಗುತ್ತದೆ. ಈಸ್ಟ್ರೊಜೆನ್ ತಡೆಯುವ ಮಾತ್ರೆಯನ್ನು ಸ್ವಂತಕ್ಕೆ ಸೇರಿಸಿಕೊಳ್ಳಬೇಡಿ. ಪುರುಷರ ಮೂಳೆಗೂ ಈಸ್ಟ್ರೊಜೆನ್ ಬೇಕು. ಒಂದೇ ಬದಿಯಲ್ಲಿ ಗಟ್ಟಿ ಗಡ್ಡೆ ಇದ್ದರೆ ತೋರಿಸಲೇಬೇಕು. ಮೊಡವೆ, ಎಣ್ಣೆಚರ್ಮ ಮೊದಲ ತಿಂಗಳುಗಳಲ್ಲಿ ಹೆಚ್ಚು. ಬಕ್ಕತಲೆಯ ವಂಶವಾಹಿ ಇದ್ದವರಿಗೆ ಕೂದಲು ಬೇಗ ಉದುರುತ್ತದೆ. ಕಾಲು ಊದಿಕೊಂಡರೆ ದೇಹ ಉಪ್ಪು ನೀರು ಹಿಡಿದಿಡುತ್ತಿದೆ ಎಂದರ್ಥ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಅದನ್ನು ಕೂಡಲೇ ತಿಳಿಸಬೇಕು.

ಗೊರಕೆ ಜಾಸ್ತಿಯಾಗಿದೆ ಎನ್ನುತ್ತಾರೆ.

ಮಲಗಿದಾಗ ಉಸಿರು ನಿಂತು ನಿಂತು ಬರುತ್ತಿದೆಯೇ ಎಂದು ಪಕ್ಕದಲ್ಲಿ ಮಲಗುವವರನ್ನೇ ಕೇಳಿ. ಹೌದಾದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ರಾ ಪರೀಕ್ಷೆ ಆಗುವವರೆಗೆ ಮುಂದಿನ ಡೋಸ್ ತೆಗೆದುಕೊಳ್ಳಬೇಕೇ ಎಂದು ವೈದ್ಯರನ್ನು ಕೇಳಿ.

ಬೇರೆ ಯಾವ ಔಷಧಗಳ ಜೊತೆ ಜಾಗ್ರತೆ?

ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ ಪ್ರಭಾವ ಹೆಚ್ಚುತ್ತದೆ, ಅದನ್ನು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆಯನ್ನು ಬೇಗಬೇಗ ನೋಡಬೇಕು. ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ಮತ್ತು ಮಾತ್ರೆಗಳ ಪ್ರಮಾಣ ಇಳಿಸಬೇಕಾಗಬಹುದು. ಸ್ಟೀರಾಯ್ಡ್ ಮಾತ್ರೆಗಳ ಜೊತೆ ಊತ ಹೆಚ್ಚು. ಥೈರಾಯ್ಡ್ ವರದಿಯಲ್ಲಿ ಒಟ್ಟು ಟಿ4 ಕಡಿಮೆ ಕಂಡರೂ ಫ್ರೀ ಟಿ4 ಸರಿ ಇದ್ದರೆ ಗಾಬರಿ ಬೇಡ.

ಸ್ವಲ್ಪ ಹೆಚ್ಚು ತೆಗೆದುಕೊಂಡರೆ ಇನ್ನೂ ಚೆನ್ನಾಗಿರುವುದಿಲ್ಲವೇ? ಜಿಮ್ಮಿನಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ.

ಸಾಮಾನ್ಯ ಮಟ್ಟ ದಾಟಿದ ಮೇಲೆ ಹೆಚ್ಚುವುದು ಮುಖ್ಯವಾಗಿ ಅಡ್ಡಪರಿಣಾಮ: ಮಂದ ರಕ್ತ, ಕೆಟ್ಟ ಕೊಲೆಸ್ಟ್ರಾಲ್ ಅನುಪಾತ, ಹೃದಯದ ಸ್ನಾಯು ದಪ್ಪಗಾಗುವುದು, ಸಿಟ್ಟು, ಹುಚ್ಚು ಉತ್ಸಾಹ. ಅವಲಂಬನೆಯೂ ಬೆಳೆಯುತ್ತದೆ. ಹೆಚ್ಚು ಡೋಸ್ ಬಳಸಿ ಥಟ್ಟನೆ ಬಿಟ್ಟವರಲ್ಲಿ ತೀವ್ರ ಖಿನ್ನತೆ, ಆತ್ಮಹತ್ಯೆಯ ಆಲೋಚನೆವರೆಗೂ ಹೋದದ್ದಿದೆ. ಈಗಾಗಲೇ ಹಾಗೆ ಬಳಸುತ್ತಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಬಿಡಿಸಲು ಅವರಿಗೆ ನಿಜವಾದ ಪ್ರಮಾಣ ಗೊತ್ತಿರಬೇಕು. ಸ್ಪರ್ಧೆಗಿಳಿಯುವ ಕ್ರೀಡಾಪಟುಗಳಿಗೆ ವೈದ್ಯರ ಚೀಟಿ ಇದ್ದರೂ ಇದು ನಿಷೇಧಿತ. ಚಿಕಿತ್ಸಾ ವಿನಾಯಿತಿಯನ್ನು ಪ್ರತ್ಯೇಕವಾಗಿ ಪಡೆಯಬೇಕು.

ಬೇಡವೆನ್ನಿಸಿದರೆ ನಿಲ್ಲಿಸಬಹುದೇ?

ನಿಲ್ಲಿಸಬಹುದು, ಹೇಳಿ ನಿಲ್ಲಿಸಿ. ಪಿಟ್ಯುಟರಿ ಎಚ್ಚೆತ್ತು ಕೆಲಸ ಶುರು ಮಾಡಲು ವಾರಗಳಿಂದ ತಿಂಗಳುಗಳೇ ಬೇಕು. ಆ ನಡುವೆ ಸುಸ್ತು, ಬೇಸರ, ನಿರಾಸಕ್ತಿ ಚಿಕಿತ್ಸೆಗೆ ಮುಂಚಿಗಿಂತಲೂ ಹೆಚ್ಚಾಗಿ ಕಾಡಬಹುದು. ವೃಷಣವೇ ಹಾಳಾಗಿ ಶುರು ಮಾಡಿದವರಲ್ಲಿ ಕೊರತೆ ಮರಳುತ್ತದೆ, ಅವರು ನಿಲ್ಲಿಸುವುದರಿಂದ ಮೂಳೆಗೆ ನಷ್ಟ.

ಮಹಿಳೆಯರಿಗೆ ಕೊಡುತ್ತಾರೆಯೇ?

ಮುಟ್ಟು ನಿಂತ ಮೇಲೆ ಲೈಂಗಿಕ ಆಸಕ್ತಿ ಕುಗ್ಗಿ ಅದೇ ಮಾನಸಿಕ ನೋವಾಗಿರುವವರಿಗೆ, ಬೇರೆ ಕಾರಣಗಳನ್ನು ನೋಡಿದ ಮೇಲೆ ಮಾತ್ರ. ಪ್ರಮಾಣ ಪುರುಷರ ಡೋಸಿನ ಸುಮಾರು ಹತ್ತನೇ ಒಂದು ಭಾಗ. ಪುರುಷರ ಪ್ಯಾಕಿನಿಂದ ಅಂದಾಜಿಗೆ ತೆಗೆದರೆ ಮಟ್ಟ ಸುಲಭವಾಗಿ ಮೀರುತ್ತದೆ. ಹಾಗೆ ಮೀರಿ ಬಂದ ಮುಖದ ಕೂದಲು, ಮೊಡವೆ ಔಷಧ ನಿಲ್ಲಿಸಿದರೆ ಇಳಿಯಬಹುದು. ದಪ್ಪಗಾದ ಧ್ವನಿ ಮರಳುವುದಿಲ್ಲ. ಆರು ತಿಂಗಳಲ್ಲಿ ಪ್ರಯೋಜನ ಕಾಣದಿದ್ದರೆ ನಿಲ್ಲಿಸುತ್ತಾರೆ.

ಯಾವಾಗ ತಡಮಾಡದೆ ಆಸ್ಪತ್ರೆಗೆ ಓಡಬೇಕು?

ಎದೆನೋವು, ದಿಢೀರ್ ಉಸಿರಾಟದ ತೊಂದರೆ, ರಕ್ತ ಬೀಳುವ ಕೆಮ್ಮು. ಒಂದೇ ಕಾಲು ಊದಿ ನೋಯುವುದು. ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಬಲಗುಂದುವುದು. ಎದೆ ಅಡ್ಡಾದಿಡ್ಡಿ ಬಡಿದುಕೊಳ್ಳುವುದು. ನಾಲ್ಕು ಗಂಟೆ ಮೀರಿದರೂ ಇಳಿಯದ ನಿಮಿರುವಿಕೆ. ಕಣ್ಣು ಹಳದಿಯಾಗುವುದು. ಬದುಕೇ ಬೇಡವೆನ್ನಿಸುವುದು. ಹೋದಲ್ಲಿ ಯಾವ ಔಷಧ, ಕೊನೆಯ ಡೋಸ್ ಯಾವತ್ತು ಎಂದು ಮೊದಲು ಹೇಳಿ.

ಉಳಿದ ಔಷಧ, ಬಳಸಿದ ಸೂಜಿ ಏನು ಮಾಡಬೇಕು?

ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಬೇಡಿ, ಚುಚ್ಚಿಕೊಳ್ಳುವುದು ಆಗಲೇ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ನೇರವಾಗಿ ಹಾಕಿ, ಮುಕ್ಕಾಲು ತುಂಬಿದಾಗ ಮುಚ್ಚಳ ಭದ್ರಪಡಿಸಿ ಆಸ್ಪತ್ರೆಯ ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಬಳಸಿದ ಪ್ಯಾಚನ್ನು ಅಂಟುಬದಿ ಒಳಗಾಗುವಂತೆ ಮಡಚಿ ಬಿಸಾಡಿ; ಅದರಲ್ಲಿ ಇನ್ನೂ ಔಷಧ ಉಳಿದಿರುತ್ತದೆ, ಮಕ್ಕಳ ಕೈಗೆ, ಸಾಕುಪ್ರಾಣಿಗಳ ಬಾಯಿಗೆ ಸಿಗಬಾರದು. ಜೆಲ್‌ನ ಪಂಪು, ಪೊಟ್ಟಣಗಳನ್ನೂ ಬೀಗವಿರುವ ಕಪಾಟಿನಲ್ಲಿಡಿ, ಉಳಿದದ್ದನ್ನು ಯಾರಿಗೂ ‘ನೋಡೋಣ, ಹಚ್ಚಿ ನೋಡು’ ಎಂದು ಕೊಡಬೇಡಿ.